ಕೋಲಕ್ಕನ ಇಪ್ಪತ್ತು ಸೆಕೆಂಡು

ಮೇಲಿನಿಂದ ಎರಡನೆಯ ಗುಂಡಿಗೆ ಕರಿ ದಾರ, ಉಳಿದವಕ್ಕೆಲ್ಲ ಬಿಳಿ, ಇವತ್ತು ಬೆಳಿಗ್ಗೆಯೇ ಹೊಲಿದಿರಬೇಕು, ದಾರದ ತುದಿ ಇನ್ನೂ ಹೊರಗೆ ಚಾಚಿಕೊಂಡಿದೆ, ಹಲ್ಲಲ್ಲಿ ಕಚ್ಚಿ ತುಂಡು ಮಾಡಿದ ದಾರ ಹಾಗೆಯೇ ಇರುತ್ತದೆ, ಅವರೇ ಹೊಲಿದುಕೊಂಡರೋ ಹೆಂಡತಿ ಹೊಲಿದಳೋ, ವಿಚಾರಣೆಗೆ ಹೀಗೇ ಎದೆ ತೆರಕೊಂಡು ಹೋಗ್ತೀರಾ, ನಿಲ್ಲಿ ಸ್ವಲ್ಪ, ಅಂತ ಬಾಗಿಲಲ್ಲೇ ನಿಲ್ಲಿಸಿ ಕೈಗೆ ಸಿಕ್ಕಿದ ದಾರದಲ್ಲಿ — ನಿನಗೇಕೆ ಆ ಉಸಾಬರಿ, ಎಂದು ಕೋಲಕ್ಕ ತನಗೆ ತಾನೇ ಗದರಿಕೊಂಡು ಕಣ್ಣನ್ನು ಎದುರು ಕೂತ ಡ್ರೈವರ್ ಅಂಗಿಯಿಂದ ಕಿತ್ತು ಮೇಜಿನ ಮೇಲಿಟ್ಟಳು. ಮೇಜಿನ ಮೇಲೆ ನೋಡುವುದಕ್ಕೆ ಏನಿದೆ, ಒಂದು ಗಾಜಿನ ಲೋಟ, ಅದರೊಳಗೆ ಮೂರು ಪೆನ್ನು, ಸಾರಿಗೆ ಕಚೇರಿಯ ಮೊಹರು, ಸಾಹೇಬರ ಕರವಸ್ತ್ರ, ಸಾಹೇಬರಿಗೆ ನೆಗಡಿ, ಮಾತಿಗೊಮ್ಮೆ ಮೂಗು ಒರೆಸುತ್ತಾರೆ, ಗುಮಾಸ್ತ ಕಂಪ್ಯೂಟರಿನ ಹಿಂದೆ ತಲೆ ತೂರಿಸಿಕೊಂಡು ವೈರು ಕಿತ್ತು ಕಿತ್ತು ಸಿಕ್ಕಿಸುತ್ತಿದ್ದಾನೆ, ಐದೇ ನಿಮಿಷ ಸಾರ್, ಇದು ದಿನಾ ಬೆಳಿಗ್ಗೆ ಹೀಗೇ, ನನಗಿಂತ ತಡವಾಗಿ ಏಳುತ್ತೆ. ಯಾರೂ ನಗಲಿಲ್ಲ. ಡ್ರೈವರ್ ಮಾತ್ರ ನಕ್ಕರು, ಮರ್ಯಾದೆಗೆ, ಗುಮಾಸ್ತನ ಮುಖ ಉಳಿಯಲಿ ಅಂತ, ಅಯ್ಯೋ ಇವರು ನಗಬಾರದಿತ್ತು, ಒಂದು ಕೆಟ್ಟ ಮಾತಾಡಬೇಕಿತ್ತು, ಮೀಸೆ ತಿರುವಬೇಕಿತ್ತು, ಕಾಲ ಮೇಲೆ ಕಾಲು ಹಾಕಿ ಕೂರಬೇಕಿತ್ತು, ಹಾಗಾದರೂ ಅವಳಿಗೆ ಸ್ವಲ್ಪ ಉಸಿರಾಡಲಿಕ್ಕೆ ಆಗುತ್ತಿತ್ತು. ಅವರು ಕಾಲು ಜೋಡಿಸಿಕೊಂಡು, ತೊಡೆಯ ಮೇಲೆ ಪ್ಲಾಸ್ಟಿಕ್ ಕವರು ಇಟ್ಟುಕೊಂಡು, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಾರೆ, ಕವರಿನೊಳಗೆ ಲೈಸೆನ್ಸು, ಇಪ್ಪತ್ತಾರು ವರ್ಷದ ಲೈಸೆನ್ಸು, ಒಂದು ಗೀರೂ ಇಲ್ಲ ಸಾರ್, ಎಂದು ಆಗಲೇ ಒಮ್ಮೆ ಹೇಳಿ ಆಗಿದೆ. ಪಕ್ಕದಲ್ಲಿ ಅವರ ಲಾಂಡ್ರಿಯ ಮ್ಯಾನೇಜರು, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿ, ಮ್ಯಾನೇಜರು ಗಡಿಯಾರ ನೋಡಿಕೊಂಡು ಅದನ್ನೂ ಹೇಳಿಬಿಟ್ಟ, ನೋಡಿ ಸಾರ್, ಲೈಸೆನ್ಸ್ ಆರು ತಿಂಗಳು ನಿಲ್ಲಿಸಿದ್ರೆ ನಾವು ಇವರನ್ನ ಇಟ್ಕೊಳ್ಳಕ್ಕಾಗಲ್ಲ, ನಿಯಮ ಅದು, ನನ್ನ ಕೈಲಿಲ್ಲ. ಅವನ ಕೈಲಿಲ್ಲ. ಸಾಹೇಬರ ಕೈಯಲ್ಲೂ ಇಲ್ಲ, ತಗುಲಿ ಬಿದ್ದರೆ ಆರು ತಿಂಗಳು ಅಂತ ಪುಸ್ತಕದಲ್ಲೇ ಇದೆ. ಮತ್ತೆ ಯಾರ ಕೈಯಲ್ಲಿದೆ, ಹೇಳು ಕೋಲಕ್ಕ, ಅವಳು ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು.

ಏನಮ್ಮ, ಹೆದರಿಕೆನಾ, ಎಂದು ಪಕ್ಕದಿಂದ ಮೇಷ್ಟ್ರು ಕಿವಿಯ ಹತ್ತಿರ ಬಂದು ಕೇಳಿದರು, ಹೆದರಬೇಡ, ನಾನಿದೀನಲ್ಲ. ಅವರು ಇದ್ದಾರೆ ಎಂಬುದೇ ಹೆದರಿಕೆ. ಊರುಗೋಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಅದರ ತುದಿಯಿಂದ ನೆಲವನ್ನು ಟಕ್ ಟಕ್ ಎನ್ನಿಸುತ್ತಿದ್ದಾರೆ, ಖುಷಿಯಾದಾಗ ಹಾಗೆ ಮಾಡುತ್ತಾರೆ, ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು, ಎರಡು ವರ್ಷದ ಹಿಂದೆ ಸೇತುವೆಯ ಮೇಲೆ ಒಂದು ಲಾರಿ ಅವರ ಸೈಕಲ್ಲನ್ನು ಹಿಂದಿನಿಂದ ನೂಕಿ ಹೋಯಿತು, ನಿಲ್ಲಿಸಲೂ ಇಲ್ಲ, ನಂಬರೂ ಸಿಗಲಿಲ್ಲ, ಕಾಲಿನೊಳಗೆ ಎರಡು ಕಬ್ಬಿಣದ ಪಟ್ಟಿ ಉಳಿದವು. ಆಮೇಲೆ ಅವರು ಸೈಕಲ್ ಹತ್ತಲಿಲ್ಲ, ಆದರೆ ಸೈಕಲ್ ಹತ್ತುವವರನ್ನೆಲ್ಲ ಒಟ್ಟು ಮಾಡಿದರು, ಹಾಲು ಹಾಕುವವನು, ನರ್ಸು, ಇಬ್ಬರು ಗಾರೆ ಕೆಲಸದವರು, ಮತ್ತೆ ಹಲ್ಲಿನ ಸೆಟ್ಟು ಮಾಡುವ ಇವಳು, ಭಾನುವಾರ ಬೆಳಿಗ್ಗೆ ಚಹದಂಗಡಿಯ ಬೆಂಚಿನ ಮೇಲೆ ಕೂರಿಸಿ, ಈ ವಾರ ಯಾರಿಗೆ ಏನಾಯ್ತು ಹೇಳ್ರಪ್ಪ, ಎಂದು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುವರು. ಹನ್ನೊಂದು ದೂರು ಕೊಟ್ಟಾಗಿದೆ, ಹನ್ನೊಂದಕ್ಕೂ ಒಂದೇ ಉತ್ತರ. ತಗುಲಿತಾ. ಇಲ್ಲ ಸಾರ್, ಕೂದಲೆಳೆಯಲ್ಲಿ ತಪ್ಪಿತು. ತಗುಲಿಲ್ಲ ಅಂದ್ಮೇಲೆ ನಾವೇನು ಮಾಡೋದು ಹೇಳಿ, ತಗುಲಿದಾಗ ಬನ್ನಿ. ತಗುಲಿದಾಗ ಬರುವುದು ಹೇಗೆ ಸ್ವಾಮಿ, ನಾಲ್ಕು ಜನ ಹೊತ್ತು ತರಬೇಕು, ಎಂದು ನರ್ಸು ಕೌಂಟರಿನಲ್ಲೇ ಕೇಳಿಬಿಟ್ಟಿದ್ದಳು, ಕೌಂಟರಿನವನು ಕಿಟಕಿ ಎಳೆದುಕೊಂಡ. ಇವತ್ತಿನದು ಹನ್ನೆರಡನೆಯದು. ಮೊದಲನೇ ಸಲ ಒಳಗೆ ಕರೆದಿದ್ದಾರೆ, ಕುರ್ಚಿ ಕೊಟ್ಟಿದ್ದಾರೆ, ಇದೊಂದು ಆಗಿಬಿಡಲಿ ನೋಡಮ್ಮ, ಉಳಿದ ಹನ್ನೊಂದನ್ನೂ ತೆಗೆಸ್ತೀನಿ ಕಪಾಟಿನಿಂದ, ಎಂದು ಮೆಟ್ಟಿಲು ಹತ್ತುವಾಗ ಮೇಷ್ಟ್ರು ಅವಳ ಭುಜ ಹಿಡಿದುಕೊಂಡು ಒಂದೊಂದೇ ಕಾಲೆತ್ತಿ ಹೇಳಿದರು, ಎರಡು ಮಹಡಿ, ಲಿಫ್ಟು ಕೆಟ್ಟಿದೆ, ಅಷ್ಟು ಮೆಟ್ಟಿಲನ್ನೂ ನಗುನಗುತ್ತ ಹತ್ತಿದರು.

ಇವಳ ಸೈಕಲ್ಲಿಗೆ ಕೋಲು ಮಾಡಿಕೊಟ್ಟವನು ಗಂಡ. ಮೊದಲು ಅವನು ನಕ್ಕವನೇ, ರಸ್ತೆ ಏನು ನಿಮ್ಮಪ್ಪಂದಾ, ಅಂಚಲ್ಲಿ ಸುಮ್ಮನೆ ಹೋಗಬಾರದಾ, ಎಂದು ಕಾರಿನಲ್ಲಿ ಹೋಗುವಾಗ ಸೈಕಲ್ಲಿನವರಿಗೆ ಹಾರನ್ ಹೊಡೆಯುತ್ತಿದ್ದವನು, ಒಂದು ಸಂಜೆ ಅವಳು ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಚಪ್ಪಲಿಯನ್ನೂ ಬಿಚ್ಚದೆ ನಡುಗಿದಳಲ್ಲ, ಯಾವನೋ ಕಾರಿನ ಕಿಟಕಿಯಿಂದ ಕೈ ಚಾಚಿ ಬೆನ್ನಿಗೆ ಹೊಡೆದು ಕೇಕೆ ಹಾಕಿ ಹೋಗಿದ್ದ ದಿನ, ಆವತ್ತಿನಿಂದ ಅವನು ಹಾರನ್ ಹೊಡೆಯುವುದನ್ನು ಬಿಟ್ಟ. ಯಾವುದೋ ಹಳೆಯ ಪರದೆಯ ಕೊಳವೆಯನ್ನು ಒಂದು ಗಜಕ್ಕೆ ಕೊಯ್ದು, ತುದಿಗೆ ಕೆಂಪು ಬಟ್ಟೆ ಕಟ್ಟಿ, ಕ್ಯಾರಿಯರಿಗೆ ಅಡ್ಡಲಾಗಿ ಎರಡು ಬೋಲ್ಟು ಹಾಕಿ ಬಿಗಿದ, ವಾಹನ ಹೋಗುವ ಕಡೆಗೆ ಒಂದು ಗಜ ಚಾಚಿಕೊಂಡಿರುವ ಕೋಲು, ಇಗೋ, ಇಷ್ಟು ದೂರ ಇರ್ರಪ್ಪ ಅಂತ ಕೋಲೇ ಹೇಳುತ್ತೆ, ನೀನು ಬಾಯಿ ನೋಯಿಸ್ಕೋಬೇಡ, ಎಂದ. ಹೆಲ್ಮೆಟ್ಟಿನ ಮೇಲಿನ ಪುಟ್ಟ ಕ್ಯಾಮೆರಾನೂ ಅವನೇ ತಂದದ್ದು. ಚಹದಂಗಡಿಯಲ್ಲಿ ಹಾಲಿನವನು ನೋಡಿದ ದಿನವೇ ಕೋಲಕ್ಕ ಎಂದು ಹೆಸರಿಟ್ಟ, ಅಂಟಿಕೊಂಡಿತು, ಕೆಲಸದ ಕಡೆಯಲ್ಲೂ ಈಗ ಅದೇ ಹೆಸರು, ಕೋಲಕ್ಕ ಆ ಮೇಲಿನ ದವಡೆ ಆಯ್ತಾ, ಕೋಲಕ್ಕ ಮೇಣ ಕಾಯಿಸಿದೆಯಾ. ಅವಳಿಗೆ ಹೆಮ್ಮೆಯೇ ಇತ್ತು. ಕೋಲು ಕಟ್ಟಿದ ಮೇಲೆ ನಾಲ್ಕು ಜನ ದೂರ ಹೋದರು, ನಿಜ, ಆದರೆ ಹೋಗಬೇಕಾದವರು ಹೋಗಲಿಲ್ಲ, ಅವರಿಗೆ ಕೋಲೂ ಒಂದೇ ಗಾಳಿಯೂ ಒಂದೇ, ಭರ್ರೆಂದು ಬಂದು ಕೆಂಪು ಬಟ್ಟೆ ಪಟಪಟ ಅನ್ನುವಷ್ಟು ಹತ್ತಿರ ಹೋಗಿ ಕಾಣದಂತಾಗುವರು, ಕೋಲು ತಾಕಬೇಕು ಅಂತ ಅವಳು ಹಲ್ಲು ಕಚ್ಚಿಕೊಂಡು ಕಾದರೂ ತಾಕುತ್ತಿರಲಿಲ್ಲ, ತಾಕಲಿ, ಒಂದೇ ಒಂದು ಸಲ ತಾಕಲಿ, ಟರ್ರ್ ಎಂದು ಉದ್ದಕ್ಕೆ ಗೀರು ಬೀಳಲಿ, ತಗುಲಿತಾ ಅಂತ ಕೇಳ್ತಾರಲ್ಲ, ತಗುಲಿತು ಸಾರ್ ಅಂತ ಮುಖದ ಮೇಲೆ ಹೊಡೆದ ಹಾಗೆ ಹೇಳ್ತೀನಿ — ಯಾವತ್ತಿನಿಂದ ಅವಳು ಹಾಗೆ ಬೇಡಿಕೊಳ್ಳುತ್ತಿದ್ದಳು, ನೆನಪಿಲ್ಲ, ಕೋಲನ್ನು ತಾಕದಿರಲಿ ಅಂತ ಕಟ್ಟಿದ್ದು, ತಾಕಲಿ ಅಂತ ಹೊತ್ತು ತಿರುಗಿದಳು.

ಬಂತು ಸಾರ್ ಬಂತು, ಎಂದ ಗುಮಾಸ್ತ, ಪರದೆ ನೀಲಿಯಾಯಿತು, ಮತ್ತೆ ಕಪ್ಪಾಯಿತು, ಅಯ್ಯೋ ಹೋಯ್ತು. ಸಾಹೇಬರು ಮೂಗು ಒರೆಸಿಕೊಂಡು, ನಿನ್ನ ಕೆಲಸವೇ ಇಷ್ಟು ಮಾರಾಯ, ಎಂದರು. ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿದೆ, ಲೋಟದೊಳಗಿನ ಪೆನ್ನುಗಳ ನೆರಳು ಫೈಲಿನ ಮೇಲೆ ಚಾಚಿಕೊಂಡಿದೆ, ನೋಡಬೇಡ, ಅದನ್ನು ನೋಡಬೇಡ. ಮೂರು ವಾರದಿಂದ ಹೀಗೇ, ಪೊರಕೆಯ ನೆರಳು, ಬಾಗಿಲ ಅಗುಳಿಯ ನೆರಳು, ಕೆಲಸದ ಮೇಜಿನ ದೀಪದ ಕೆಳಗೆ ಮೇಣ ಕೆತ್ತುವ ಚಾಕುವಿನ ನೆರಳು, ಎಲ್ಲವೂ ಒಂದು ಕಡೆಗೆ ವಾಲುತ್ತವೆ, ನಿನ್ನೆ ಒಬ್ಬ ಮುದುಕಿಯ ಕೆಳದವಡೆಯ ಹಲ್ಲುಗಳನ್ನು ಜೋಡಿಸುವಾಗ ಅವಳ ಕೈ ನಿಂತುಹೋಯಿತು, ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಆ ಮುದುಕಿ ಅಗಿಯಲಾರಳು, ನಾಳೆಯೇ ಬಂದು ನಿಲ್ಲುತ್ತಾಳೆ, ಇಪ್ಪತ್ತು ವರ್ಷದಿಂದ ಕೂದಲೆಳೆ ಅಂದರೆ ಎಷ್ಟು ಅಂತ ಬೆರಳ ತುದಿಗೆ ಗೊತ್ತು ಅವಳಿಗೆ, ಗೇಣು ಅಂದರೆ ಎಷ್ಟು ಅಂತ ಗೊತ್ತಿಲ್ಲವೇ. ಒಂದು ಗೇಣು. ಗಾಳಿ ಬಂತು ಅಂದುಕೊಂಡಳು ಒಂದು ರಾತ್ರಿ. ರಸ್ತೆಯಲ್ಲಿ ಗುಂಡಿ ಇತ್ತು ಅಂದುಕೊಂಡಳು ಇನ್ನೊಂದು ರಾತ್ರಿ. ಗಾಳಿಯೂ ಇರಲಿಲ್ಲ, ಗುಂಡಿಯೂ ಇರಲಿಲ್ಲ.

ಬೆಳಿಗ್ಗೆ ಎಂಟು ಗಂಟೆ, ಬಿಸಿಲು ಬೆನ್ನಿಗೆ, ಅವಳ ನೆರಳು ಅವಳ ಮುಂದೆ ಉದ್ದಕ್ಕೆ ಓಡುತ್ತಿದೆ, ಹೆಲ್ಮೆಟ್ಟಿನ ದಪ್ಪ ತಲೆ, ಎರಡು ಮೊಣಕೈ, ಪಕ್ಕಕ್ಕೆ ಚಾಚಿದ ಕೋಲು, ತುದಿಯಲ್ಲಿ ಬಟ್ಟೆ. ಆಗಷ್ಟೇ ಒಂದು ಕಾರು ಹೋಗಿತ್ತು, ಕೋಲನ್ನು ದಾಟಿದ್ದೇ ಅವಳ ಮುಂದಕ್ಕೆ ಅಡ್ಡ ನುಗ್ಗಿ ಮುಂದಿನ ಚಕ್ರವನ್ನು ಸವರಿಕೊಂಡೇ ಹೋಗಿತ್ತು, ಒಳಗಿದ್ದವನು ತಿರುಗಿ ನೋಡಿ ನಕ್ಕಿದ್ದ, ಅವನ ನಂಬರು ನೋಡುವಷ್ಟರಲ್ಲಿ ತಿರುವಿನಲ್ಲಿ ಮಾಯ, ಅವಳ ಬಾಯಲ್ಲಿ ಕಹಿ, ಕಿವಿಯಲ್ಲಿ ಗುಂಯ್, ಆಗ ಪುಟ್ಟ ಕನ್ನಡಿಯಲ್ಲಿ ಹಿಂದಿನಿಂದ ಬರುವ ಬಿಳಿ ವ್ಯಾನ್ ಕಂಡಿತು. ನಿಧಾನಕ್ಕೆ ಬರುತ್ತಿತ್ತು. ಅಷ್ಟು ನಿಧಾನವಾಗಿ ಯಾರೂ ಬರುವುದಿಲ್ಲ ಆ ರಸ್ತೆಯಲ್ಲಿ, ಹಾರನ್ ಇಲ್ಲ, ದೀಪ ಮಿನುಗಿಸಲಿಲ್ಲ, ರಸ್ತೆಯ ಮಧ್ಯಕ್ಕೆ ಸರಿದುಕೊಂಡೇ ಬಂತು, ಎದುರಿನಿಂದ ಬಸ್ಸು ಬರುತ್ತಿದ್ದುದರಿಂದ ಅದಕ್ಕಿಂತ ಆಚೆ ಸರಿಯುವ ಹಾಗಿರಲಿಲ್ಲ, ಸರಿದಷ್ಟು ಸರಿದಿತ್ತು, ಕೋಲಿನ ತುದಿಯಾಚೆ ಇನ್ನೂ ಒಂದು ಗೇಣು ಬಿಟ್ಟಿತ್ತು, ಕನ್ನಡಿಯಲ್ಲಿ ನೋಡಿದಳು, ಆ ಗೇಣನ್ನು ಅಳೆದಳು, ಬೆರಳ ತುದಿಯಲ್ಲಿ ಹಲ್ಲು ಅಳೆಯುವವಳಿಗೆ ಎಷ್ಟು ಹೊತ್ತು ಬೇಕು. ನುಗ್ಗುವವರನ್ನು ಕೋಲು ಮುಟ್ಟಲಾರದು, ಅವರು ನಿಲ್ಲುವುದಿಲ್ಲ. ಜಾಗ ಬಿಟ್ಟು ನಿಧಾನಕ್ಕೆ ಹೋಗುವವರನ್ನೇ ಅದು ಮುಟ್ಟಬಲ್ಲದು. ಅದು ಆವತ್ತೇ ಅವಳಿಗೆ ಗೊತ್ತಾಯಿತು ಅಂತಲ್ಲ, ಮೈಗೆ ಗೊತ್ತಿತ್ತು, ಮೈ ವಾಲಿತು, ಮೈ ಅಂತ ಯಾಕೆ ಅನ್ನುತ್ತೀ, ನೀನು ವಾಲಿದೆ, ಕಾಲು ತುಳಿಯುವುದನ್ನು ನಿಲ್ಲಿಸಿ, ಉಸಿರು ಹಿಡಿದು, ಸೈಕಲ್ಲನ್ನು ವ್ಯಾನಿನ ಕಡೆಗೆ ಒಂದು ಗೇಣು ವಾಲಿಸಿದೆ, ಮುಂದೆ ರಸ್ತೆಯ ಮೇಲೆ ನೆರಳೂ ವಾಲಿತು, ಟರ್ರ್.

ಎಷ್ಟು ಚೆನ್ನಾಗಿ ಬಂತು ಆ ಸದ್ದು. ಆ ಕ್ಷಣ ಅವಳಿಗೆ ಸಂತೋಷವಾಯಿತು, ಹೌದು, ಅದನ್ನು ಯಾರಿಗೆ ಹೇಳುತ್ತಾಳೆ, ಬೀಳುವ ಮೊದಲೇ ಸಂತೋಷವಾಗಿತ್ತು, ಆಮೇಲೆ ಕೋಲು ಸಿಕ್ಕಿಕೊಂಡು ಸೈಕಲ್ ತಿರುಚಿ ಅವಳು ಬಿದ್ದದ್ದು ಮಾತ್ರ ನಿಜವಾದ ಬೀಳುವಿಕೆ, ಮೊಣಕಾಲು ಸುಲಿದದ್ದು ನಿಜವಾದ ರಕ್ತ. ವ್ಯಾನ್ ತಕ್ಷಣ ನಿಂತಿತು. ನಿಲ್ಲದೆ ಹೋಗಬಾರದಿತ್ತೇ, ಎಲ್ಲರ ಹಾಗೆ. ಬಾಗಿಲು ತೆರೆದ ಸದ್ದು, ಓಡಿ ಬರುವ ಚಪ್ಪಲಿಯ ಸದ್ದು, ಅಮ್ಮಾ ಪೆಟ್ಟಾಯ್ತಾ, ಏಳಬೇಡಿ ಏಳಬೇಡಿ, ತಲೆ ಸುತ್ತುತ್ತಾ, ಎಂದು ಕೈ ಮುಂದೆ ಚಾಚಿಕೊಂಡು ಬಂದರು ಡ್ರೈವರ್, ಬಸ್ಸಿನವರಿಗೆ ನಿಲ್ಲಿ ಅಂತ ಸನ್ನೆ ಮಾಡಿದರು, ಅವಳ ಮೇಲೆ ಬಿಸಿಲು ಬೀಳದ ಹಾಗೆ ತಾವೇ ಅಡ್ಡ ನಿಂತರು, ವ್ಯಾನಿನಿಂದ ಒಗೆದು ಮಡಿಸಿದ ಒಂದು ದಿಂಬಿನ ಕವರು ತಂದು ಮೊಣಕಾಲಿಗೆ ಕಟ್ಟಿದರು, ಇದು ಚೊಕ್ಕಟ ಇದೆ ತಾಯಿ, ಕುದಿಸಿದ ಬಟ್ಟೆ, ಹೆದರಬೇಡಿ. ಕಣ್ಣು ಕಾಣಲ್ವಾ ನಿಮಗೆ, ಎಂದು ಅವಳು ಕಿರುಚಿದಳು. ಜನ ಸೇರಿದ್ದರಲ್ಲ, ಜನ ಸೇರಿದಾಗ ಕಿರುಚದಿದ್ದರೆ ಹೇಗೆ. ತಪ್ಪಾಯ್ತು ತಾಯಿ, ನಾನು ನೋಡ್ಕೊಂಡೇ ಬಂದೆ, ಆದರೂ ಹೆಂಗೋ ತಾಕಿಬಿಡ್ತು, ತಪ್ಪಾಯ್ತು. ಆ ದಿಂಬಿನ ಕವರು ಇನ್ನೂ ಮನೆಯಲ್ಲಿದೆ, ಮೂರು ಸಲ ಒಗೆದಳು, ರಕ್ತದ ಕಲೆ ಹೋಯಿತು, ಮೂಲೆಯಲ್ಲಿ ಆಸ್ಪತ್ರೆಯ ನೀಲಿ ಗುರುತು ಹೋಗಲಿಲ್ಲ, ಬೀರುವಿನಲ್ಲಿ ತನ್ನ ಸೀರೆಗಳ ಕೆಳಗೆ ಇಟ್ಟಿದ್ದಾಳೆ, ಕದ್ದ ಮಾಲಿನ ಹಾಗೆ, ಕೊಡುವುದು ಹೇಗೆ, ಕೊಡಲು ಹೋದರೆ ಮುಖ ನೋಡಬೇಕಲ್ಲ.

ದೂರಿನ ಜೊತೆ ಇಪ್ಪತ್ತು ಸೆಕೆಂಡಿನ ವಿಡಿಯೊ ಮಾತ್ರ ಹಾಕಬಹುದು, ಅದಕ್ಕಿಂತ ಉದ್ದವಿದ್ದರೆ ಕಚೇರಿಯ ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ, ಅದು ಅವಳ ತಪ್ಪಲ್ಲ, ಎಲ್ಲರಿಗೂ ಅದೇ ನಿಯಮ, ಗುಂಪಿನಲ್ಲಿ ಎಲ್ಲರಿಗೂ ಕತ್ತರಿಸಿ ಕೊಡುವವಳೇ ಅವಳು, ಎಲ್ಲಿ ಶುರು ಮಾಡಬೇಕು ಎಲ್ಲಿ ನಿಲ್ಲಿಸಬೇಕು ಅಂತ ಅವಳಿಗೆ ಕೈ ಕುದುರಿತ್ತು. ಊಟದ ಮೇಜಿನ ಮೇಲೆ ಮೊಣಕಾಲು ಚಾಚಿಕೊಂಡು ಕೂತು ಕತ್ತರಿಸಿದಳು, ವ್ಯಾನ್ ಬರುವುದಕ್ಕೆ ಏಳು ಸೆಕೆಂಡು ಮೊದಲು ಶುರು, ಟರ್ರ್, ಆಕಾಶ ಗಿರ್ರನೆ ತಿರುಗಿತು, ರಸ್ತೆ, ಚಕ್ರ, ಸಾಕು, ಇಲ್ಲಿಗೆ ಇಪ್ಪತ್ತು. ಓಡಿ ಬರುವ ಚಪ್ಪಲಿ ಇಪ್ಪತ್ತೆರಡನೆಯ ಸೆಕೆಂಡಿನಲ್ಲಿತ್ತು. ಅಮ್ಮಾ ಪೆಟ್ಟಾಯ್ತಾ ಇಪ್ಪತ್ತನಾಲ್ಕರಲ್ಲಿ. ಶುರುವಿನ ಐದು ಸೆಕೆಂಡು ಬಿಟ್ಟಿದ್ದರೆ ಅದೂ ಬರುತ್ತಿತ್ತು, ಅಲ್ಲಿ ಖಾಲಿ ರಸ್ತೆ ಮಾತ್ರ ಇತ್ತು, ಬಿಡಬಹುದಿತ್ತು, ಬಿಡಲಿಲ್ಲ. ಹೆಚ್ಚಾದ ಮೇಣವನ್ನು ಕೆತ್ತಿ ತೆಗೆಯುವ ಕೈಯೇ ಅದನ್ನೂ ತೆಗೆಯಿತು. ಉಳಿದದ್ದನ್ನು ಅಳಿಸಿಯೂಬಿಟ್ಟಳು, ಅಳಿಸಿ ಕೈ ತೊಳೆದುಕೊಂಡು ಬಂದು ಮಲಗಿದಳು. ಗಂಡ ಮಾತ್ರ ಮಾರನೆಯ ದಿನ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೋಲ್ಟನ್ನು ಹಿಡಿದು ಅಲ್ಲಾಡಿಸುತ್ತಿದ್ದ, ನಾನೇ ಸರಿಯಾಗಿ ಬಿಗಿದಿರಲಿಲ್ಲ ಅನ್ಸುತ್ತೆ ಕಣೇ, ಕೋಲು ಆ ಕಡೆ ಜಗ್ಗಿರಬೇಕು, ಇಲ್ಲದಿದ್ರೆ ಅಷ್ಟು ದೂರ ಇದ್ದ ವ್ಯಾನಿಗೆ ಹೆಂಗೆ ತಾಕುತ್ತೆ, ನನ್ನ ತಪ್ಪು, ನಿನ್ನನ್ನ ಬೀಳಿಸಿಬಿಟ್ಟೆ. ಇಲ್ಲಾರೀ, ಬೋಲ್ಟು ಸರಿಯಾಗೇ ಇತ್ತು, ಎಂದಳು. ಅಷ್ಟೇ ಅಂದಳು, ಅವನು ನಂಬದೆ ಎರಡು ಹೊಸ ಬೋಲ್ಟು ತಂದು ಬಿಗಿದ, ಬಿಗಿಯುವಾಗ ಬೆರಳು ತರಚಿಕೊಂಡ.

ನೆರಳು ಕಂಡದ್ದು ಆಮೇಲೆ. ಭಾನುವಾರ, ಚಹದಂಗಡಿಯ ಬೆಂಚು, ಮೇಷ್ಟ್ರ ಮೊಬೈಲಿನ ಸುತ್ತ ಆರು ತಲೆ, ಹಾಲಿನವನು ಹಾಕು ಹಾಕು ಎನ್ನುತ್ತಿದ್ದ, ಟರ್ರ್ ಬಂದಾಗ ಎಲ್ಲರೂ ಒಟ್ಟಿಗೆ ಛೇ ಎಂದರು, ಗಾರೆಯವನೊಬ್ಬ, ಸಿಕ್ಕಿಬಿದ್ನಲ್ಲ ನನ್ಮಗ, ಎಂದು ತೊಡೆ ತಟ್ಟಿಕೊಂಡ, ನರ್ಸು ಅವಳ ಮೊಣಕಾಲಿನ ಪಟ್ಟಿ ಬಿಚ್ಚಿ ಹೊಸದು ಹಾಕಿದಳು, ಈ ಮಂಡಿಗೆ ನಾವೆಲ್ಲ ಕೈ ಮುಗೀಬೇಕು ಕೋಲಕ್ಕ, ಎಂದಳು. ಚಹದವನೂ ಅವತ್ತು ಅವಳ ಕೈಗೆ ಮೊದಲ ಲೋಟ ಕೊಟ್ಟ. ಅವಳು ಲೋಟ ಹಿಡಿದುಕೊಂಡು, ಅವರ ತಲೆಗಳ ಸಂದಿಯಿಂದ, ಹದಿನೈದನೆಯ ಸಲವೋ ಏನೋ, ಆ ಇಪ್ಪತ್ತು ಸೆಕೆಂಡು ನೋಡಿದಳು, ವ್ಯಾನಿನ ಕಡೆಗಲ್ಲ, ಸುಮ್ಮನೆ ರಸ್ತೆಯ ಕಡೆಗೆ. ಅಲ್ಲೇ ಇದೆ. ಎಲ್ಲರ ಕಣ್ಣ ಮುಂದೆಯೇ ಇದೆ. ವ್ಯಾನ್ ಇನ್ನೂ ಪಕ್ಕಕ್ಕೆ ಬಂದಿಲ್ಲ, ಕಪ್ಪು ರಸ್ತೆಯ ಮೇಲೆ ಉದ್ದನೆಯ ನೆರಳು, ದಪ್ಪ ತಲೆ, ಮೊಣಕೈ, ಕೋಲು, ನೆಟ್ಟಗೆ ಹೋಗುತ್ತಿದ್ದದ್ದು ಹಾಗೆಯೇ, ಮೆಲ್ಲಗೆ, ಬೇಕೆಂತಲೇ, ವ್ಯಾನಿನ ಕಡೆಗೆ ವಾಲುತ್ತದೆ, ಆಮೇಲೆ ಟರ್ರ್. ಚಹ ಕೈ ಮೇಲೆ ಚೆಲ್ಲಿತು. ಏನಾಯ್ತಮ್ಮ, ಮೇಷ್ಟ್ರು ಕೇಳಿದರು. ಬಿಸಿ, ಎಂದಳು.

ಬಂತು ಸಾರ್, ಈ ಸಲ ಹೋಗಲ್ಲ, ಎಂದ ಗುಮಾಸ್ತ, ಪರದೆಯನ್ನು ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿದ. ಮೊಬೈಲಿನಲ್ಲಿ ಅಂಗೈಯಷ್ಟಿದ್ದ ರಸ್ತೆ ಇಲ್ಲಿ ಇಷ್ಟು ಅಗಲ, ಬಿಸಿಲು, ರಸ್ತೆ, ನೆರಳು, ವಾಲುತ್ತದೆ, ಟರ್ರ್, ಆಕಾಶ, ಚಕ್ರ, ಮುಗಿಯಿತು. ಯಾರಿಗೂ ಕಾಣಲಿಲ್ಲ. ಎಲ್ಲರೂ ವ್ಯಾನ್ ನೋಡುತ್ತಿದ್ದರು, ವ್ಯಾನ್ ನೋಡುವುದಕ್ಕೇ ಅಲ್ಲವೇ ಕೂತಿರುವುದು. ಸಾಹೇಬರು ಕನ್ನಡಕ ತೆಗೆದು, ಸ್ಪಷ್ಟವಾಗೇ ಇದೆಯಲ್ಲ, ತಗುಲಿದೆ, ಬಿದ್ದಿದ್ದಾರೆ, ಏನಪ್ಪ, ಏನಾದ್ರೂ ಹೇಳೋದಿದೆಯಾ, ಎಂದು ಡ್ರೈವರ್ ಕಡೆ ನೋಡಿದರು. ಹೇಳಿ, ದಯವಿಟ್ಟು ಹೇಳಿ, ನಾನು ಜಾಗ ಬಿಟ್ಟಿದ್ದೆ, ಇವಳೇ ಬಂದು ತಾಕಿಸಿದಳು ಅನ್ನಿ, ಒಂದು ಸಲ ಅಂದುಬಿಡಿ, ನಾನು ಹೌದು ಅಂತೀನಿ, ನಿಮ್ಮ ಬಾಯಿಂದ ಬಂದರೆ ನನಗೆ ಹೌದು ಅನ್ನುವುದೊಂದೇ ಕೆಲಸ ಉಳಿಯುತ್ತದೆ. ಡ್ರೈವರ್ ಎದ್ದು ನಿಂತರು, ಕೂತುಕೊಂಡೇ ಹೇಳಿ ಅಂದರೂ ಕೂರಲಿಲ್ಲ. ಏನು ಹೇಳ್ಲಿ ಸಾರ್, ಎಂದರು, ಗೇಣು ಜಾಗ ಬಿಟ್ಟಿದೀನಿ ಅಂದ್ಕೊಂಡಿದ್ದೆ, ಬಿಟ್ಟಿಲ್ಲ ಅಂತ ಇದರಲ್ಲೇ ಕಾಣುತ್ತೆ, ವಯಸ್ಸಾಯ್ತು, ಅಂದಾಜು ತಪ್ಪಿರಬೇಕು, ಆವತ್ತಿಂದ ರಸ್ತೇಲಿ ಸೈಕಲ್ ಕಂಡ್ರೆ ಕೈ ನಡುಗುತ್ತೆ ಸಾರ್, ನಾನೇ ಮ್ಯಾನೇಜರ್ ಸಾಹೇಬ್ರಿಗೆ ಹೇಳಿದೆ ನಂಗೆ ಗಾಡಿ ಕೊಡಬೇಡಿ ಅಂತ, ಮೇಡಂ ಸುಮ್ಮನೆ ಹೇಳೋರಲ್ಲ, ಅವರ ಮುಖ ನೋಡಿದ್ರೆ ಗೊತ್ತಾಗುತ್ತೆ. ಮೇಡಂ ಮುಖ. ಅವಳು ಆ ಮುಖವನ್ನು ಎಲ್ಲಿಡಬೇಕೋ ತಿಳಿಯದೆ ಕರಿ ದಾರದ ಗುಂಡಿಯನ್ನೇ ನೋಡಿದಳು, ಮಂಡಿ ಹೇಗಿದೆ ಮೇಡಂ ಈಗ, ವಾಸಿ ಆಯ್ತಾ, ಎಂದು ಗುಂಡಿ ಕೇಳಿತು, ಗುಂಡಿಯಲ್ಲ, ಅವರು ಕೇಳಿದರು.

ವಾಸಿಯಾಗಿದೆ, ಎಂದಳು. ಸಾಹೇಬರು ಕಾಗದವನ್ನು ಅವಳ ಕಡೆ ತಳ್ಳಿದರು, ಇಲ್ಲೊಂದು ಇಲ್ಲೊಂದು ಸಹಿ ಹಾಕಿ, ಮುಗೀತು. ಗುಮಾಸ್ತ ಲೋಟದಿಂದ ಪೆನ್ನು ತೆಗೆದು ಕೊಟ್ಟ. ಸಾರ್, ಎಂದಳು, ಇನ್ನೊಂದ್ಸಲ ಹಾಕಿ. ಯಾಕಮ್ಮ, ಎಂದರು ಸಾಹೇಬರು. ಸುಮ್ಮನೆ ಸಾರ್, ಇನ್ನೊಂದ್ಸಲ. ಯಾರಿಗಾದರೂ ಕಾಣಲಿ, ಯಾರಾದರೂ ಎದ್ದು ಬೆರಳು ತೋರಿಸಲಿ, ಏನಿದು ಅಂತ ಕೇಳಲಿ, ಕೇಳಿದರೆ ಹೇಳಬಹುದು, ಕೇಳದೆ ಹೇಳುವುದು ಹೇಗೆ, ಹೇಳಿದರೆ ಉಳಿದ ಹನ್ನೊಂದು ಕಸದ ಬುಟ್ಟಿಗೆ, ಸೈಕಲ್ಲಿನವರು ಹೇಳೋದೆಲ್ಲ ಹೀಗೇ ಅಂತ ಕೌಂಟರಿನವನು ಜನ್ಮಪೂರ್ತಿ ಹೇಳುತ್ತಾನೆ, ಸೇತುವೆಯ ಮೇಲಿನ ಲಾರಿ, ತಪ್ಪಿಸಿಕೊಳ್ಳಲು ಹೋಗಿ ಬಿದ್ದ ನರ್ಸಿನ ಮುರಿದ ಕೈಮೂಳೆ, ಹಾಲಿನವನ ಕ್ಯಾನು ಉರುಳಿ ರಸ್ತೆಯೆಲ್ಲ ಬೆಳ್ಳಗಾದದ್ದು, ಎಲ್ಲವೂ ನಿಜ, ಅವಳದೊಂದು ಸುಳ್ಳು, ಒಂದು ಸುಳ್ಳಿಗೆ ಹನ್ನೊಂದು ನಿಜವನ್ನು ಬಲಿ ಕೊಡಬೇಕೇ, ಹಾಗಂತ ಮೂರು ವಾರದಿಂದ ತನಗೆ ತಾನೇ ವಾದ ಮಾಡಿದ್ದಾಳೆ, ಎಷ್ಟು ನಯವಾದ ವಾದ, ಪಾಲಿಶ್ ಹಾಕಿದ ಹಲ್ಲಿನ ಹಾಗೆ, ಎಲ್ಲೂ ಚುಚ್ಚುವುದಿಲ್ಲ. ವಿಡಿಯೊ ಓಡಿತು. ಮ್ಯಾನೇಜರು ಗಡಿಯಾರ ನೋಡಿದ. ಸಾಹೇಬರು ಮೂಗು ಒರೆಸಿದರು. ಡ್ರೈವರ್ ಕಣ್ಣು ಮುಚ್ಚಿಕೊಂಡಿದ್ದರು, ಅವಳು ಬೀಳುವುದನ್ನು ನೋಡಲಾರದೆ. ಟಕ್ ಟಕ್, ಟಕ್ ಟಕ್, ಮೇಷ್ಟ್ರ ಊರುಗೋಲು. ಇನ್ನೊಂದ್ಸಲ ಸಾರ್, ಎಂದಳು. ಇದೇನಮ್ಮ ಆಟ, ಎಂದ ಮ್ಯಾನೇಜರು. ಹಾಕಲಿ ಬಿಡಿ, ಅವಳು ಪೆಟ್ಟು ತಿಂದವಳು, ಎಂದರು ಮೇಷ್ಟ್ರು, ಹೇಳಿ ಅವಳ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟರು, ಆ ಕೈಯ ಬಿಸಿ ಅವಳ ಬೆನ್ನಿಗೆ ತಾಕುತ್ತಿತ್ತು, ಬಿಸಿಲು, ರಸ್ತೆ, ನೆರಳು, ಟಕ್ ಟಕ್, ಟಕ್.

ಒಂದು ಟಕ್ ಬರಲಿಲ್ಲ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಕೋನ ಬಿಡಿಸಿದ ಕಣ್ಣು. ಅವಳು ತಿರುಗಿ ನೋಡಲಿಲ್ಲ, ನೋಡಬೇಕಾಗಿರಲಿಲ್ಲ, ಬೆನ್ನಿನ ಬಿಸಿ ಹೋಯಿತು, ಕೈ ತೆಗೆದರು, ಮೆಲ್ಲಗೆ, ಸದ್ದಾಗದ ಹಾಗೆ ತೆಗೆದರು. ಕೋಣೆಯಲ್ಲಿ ಯಾರಿಗೂ ಏನೂ ಆಗಿಲ್ಲ, ಫ್ಯಾನು ತಿರುಗುತ್ತಿದೆ, ಗುಮಾಸ್ತ ಆಕಳಿಸಿದ. ಮೇಷ್ಟ್ರು ನೆಲ ನೋಡಿಕೊಂಡು, ಸಾಕಮ್ಮ, ಸಹಿ ಹಾಕಿಬಿಡು, ಹೋಗೋಣ, ಎಂದರು, ದನಿ ಅವರದಾಗಿರಲಿಲ್ಲ, ಎರಡು ಮಹಡಿ ನಗುನಗುತ್ತ ಹತ್ತಿದವರ ದನಿ ಅದಲ್ಲ, ಯಾರೋ ವಯಸ್ಸಾದವರು ಅಂದ ಹಾಗಿತ್ತು. ಅವರನ್ನೂ ಕೆಡಿಸಿದೆ, ಎಂದುಕೊಂಡಳು ಕೋಲಕ್ಕ. ಕಾಲು ಮುರಿದರೂ ಮುರಿಯದೆ ಉಳಿದದ್ದೊಂದು ಇತ್ತಲ್ಲ ಅವರ ಹತ್ತಿರ, ಅದನ್ನು ಲಾರಿ ಮುರಿಯಲಿಲ್ಲ, ನಾನು ಮುರಿದೆ. ಪೆನ್ನು ಕಾಗದದ ಮೇಲೆ ನಿಂತಿದೆ, ಕಿಟಕಿಯ ಬಿಸಿಲಿನಲ್ಲಿ ಪೆನ್ನಿನ ನೆರಳು, ವಾಲುತ್ತದೆ, ಅವಳು ಪೆನ್ನು ಕೆಳಗಿಟ್ಟಳು. ಸಾರ್, ವ್ಯಾನ್ ನೋಡಬೇಡಿ, ನೆರಳು ನೋಡಿ, ಎಂದಳು. ಯಾವ ನೆರಳು, ಎಂದರು ಸಾಹೇಬರು. ನನ್ನದು.

ಹೇಳಿದಳು ಅಂತ ಅವಳಿಗೆ ಹಗುರವಾಗಲಿಲ್ಲ. ಮೇಷ್ಟ್ರಿಗೆ ಕಂಡ ಮೇಲೆ ಹೇಳಿದ್ದು, ಕಾಣದೆ ಇದ್ದಿದ್ದರೆ ಸಹಿ ಹಾಕುತ್ತಿದ್ದಳು, ಅದು ಅವಳಿಗೆ ಗೊತ್ತು, ಮೇಷ್ಟ್ರಿಗೂ ಗೊತ್ತು, ಇದನ್ನು ಒಪ್ಪಿಕೊಂಡದ್ದು ಅಂತ ಯಾರೂ ಕರೆಯಲಾರರು. ಗುಮಾಸ್ತ ಮತ್ತೆ ಮೊದಲಿನಿಂದ ಹಾಕಿದ, ಇಲ್ಲಿ ನಿಲ್ಲಿಸಿ, ಎಂದಳು, ಅವನು ಒಂದು ಗುಂಡಿ ಒತ್ತಿದ, ರಸ್ತೆ ನಿಂತಿತು. ಸಾಹೇಬರು ಮುಂದಕ್ಕೆ ಬಾಗಿದರು, ಕರವಸ್ತ್ರ ಮೂಗಿನ ಹತ್ತಿರವೇ ನಿಂತುಹೋಯಿತು. ಮ್ಯಾನೇಜರು ಗಡಿಯಾರ ನೋಡಲಿಲ್ಲ. ಡ್ರೈವರ್ ಮಾತ್ರ ಕನ್ನಡಕ ಹುಡುಕಿ ಹಾಕಿಕೊಂಡು ಪರದೆಯ ಹತ್ತಿರ ಮುಖ ತಂದು, ಎಲ್ಲಿ ಮೇಡಂ, ನಂಗೇನೂ ಕಾಣ್ತಿಲ್ವಲ್ಲ, ವ್ಯಾನ್ ಇನ್ನೂ ಬಂದೇ ಇಲ್ಲ ಇದರಲ್ಲಿ, ಎಂದರು, ಅವರಿಗೆ ನಿಜವಾಗಿಯೂ ಕಾಣುತ್ತಿಲ್ಲ, ತನ್ನ ತಪ್ಪಲ್ಲದೆ ಬೇರೆ ಏನಾದರೂ ಅಲ್ಲಿರಬಹುದು ಅಂತ ಅವರಿಗೆ ಹೊಳೆಯುವುದೇ ಇಲ್ಲ, ಯಾರೋ ಕೈ ಹಿಡಿದು ತೋರಿಸಬೇಕು, ಬೇರೆ ಯಾರು ತೋರಿಸುತ್ತಾರೆ. ಅವಳು ಎದ್ದು ಹೋದಳು, ಕರಿ ದಾರದ ಗುಂಡಿಯ ಪಕ್ಕದಲ್ಲಿ ನಿಂತಳು, ಇಲ್ಲಿ, ಎಂದು ಬೆರಳಿಟ್ಟಳು, ಗಾಜು ಬೆಚ್ಚಗಿತ್ತು, ಇದು ತಲೆ, ಇದು ಕೈ, ಇದು ಕೋಲು, ಬಿಸಿಲು, ಕಪ್ಪು ರಸ್ತೆ, ಉದ್ದನೆಯ ನೆರಳು, ತುದಿಯಲ್ಲಿ ಬಟ್ಟೆಯ ತುಣುಕು, ವಾಲಿದೆ, ವ್ಯಾನ್ ಬರುವ ಕಡೆಗೆ ಒಂದು ಗೇಣು, ವಾಲಿಯೇ ನಿಂತಿದೆ